ಬಚ್ಚಿಟ್ಟದ್ದನ್ನು ತಂದಿಡುವ ದಿನ

ಅತ್ತಿಗೆಯನ್ನು ಹೊಗಳುವ ನಾದಿನಿ ಇನ್ನೂ ಹುಟ್ಟಿಲ್ಲ ಅನ್ನುತ್ತಾರೆ. ಹಾಗಿದ್ದರೆ ನಾನು ಇವತ್ತು ಹುಟ್ಟಿದೆ ಅಂದುಕೊಳ್ಳಿ. ನನ್ನ ಅಣ್ಣನ ಹೆಂಡತಿ ಏನು ಮಾಡಿದಳು ಎಂದು ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ನಡುವೆ ಒಂದೆರಡು ಚುಚ್ಚುಮಾತು ಬಂದರೆ ತಡೆಯಬೇಡಿ. ಅಷ್ಟೂ ಇಲ್ಲದಿದ್ದರೆ ನಾದಿನಿ ಅನ್ನಿಸಿಕೊಂಡು ಏನು ಪ್ರಯೋಜನ?

ನಾವು ಮೂವರೂ ಒಂದೇ ಕಾರ್ಖಾನೆಯವರು. ಆಸ್ಪತ್ರೆಗಳಿಗೆ ಮಂಚ ಮಾಡುವ ಕಾರ್ಖಾನೆ ಅದು. ತಲೆಯ ಕಡೆ ಎತ್ತಿ ಇಳಿಸಬಹುದಾದ, ಪಕ್ಕದಲ್ಲಿ ಸರಳು, ಕಾಲಿಗೆ ಗಾಲಿ ಇರುವ ಮಂಚ. ನಾನು ಜೋಡಣೆ ಶೆಡ್ಡಿನಲ್ಲಿದ್ದೇನೆ. ಗಾಲಿ ಕೂರಿಸಿ, ಬ್ರೇಕು ಒತ್ತಿ ನೋಡಿ, ಮಂಚವನ್ನು ಮುಂದಕ್ಕೆ ತಳ್ಳುವುದು ನನ್ನ ಕೆಲಸ. ಶೆಡ್ಡಿನಲ್ಲಿ ಇರುವವರೆಲ್ಲ ಹೆಂಗಸರೇ. ಕೈಗಿಂತ ಬಾಯಿ ಜೋರು, ಆದರೆ ಕೈಯೂ ಕಡಿಮೆಯಿಲ್ಲ. ಅಣ್ಣ ರಿಪೇರಿ ವಿಭಾಗದ ಮೇಸ್ತ್ರಿ. ಅತ್ತಿಗೆ ಡಿಸ್ಪ್ಯಾಚಿನಲ್ಲಿ, ಅಂದರೆ ಮಾಲನ್ನು ಲಾರಿಗೆ ಏರಿಸಿ ಕಳಿಸುವ ಕಡೆ.

ಹೆಸರಿಗೆ ಡಿಸ್ಪ್ಯಾಚು. ಅವಳು ಮಾಡುತ್ತಿದ್ದದ್ದು ಓಡಾಟ. ಯಾಕೆಂದರೆ ನಮ್ಮ ಕಾಂಪೌಂಡಿನೊಳಗೆ ಏಳೆಂಟು ವಿಭಾಗ, ಒಂದಕ್ಕೊಂದು ಮುಖ ಕೊಟ್ಟು ಮಾತಾಡದ ವಿಭಾಗಗಳು. ವೆಲ್ಡಿಂಗಿನವರಿಗೂ ಬಣ್ಣದವರಿಗೂ ಎಣ್ಣೆ ಸೀಗೆಕಾಯಿ. ಸ್ಟೋರಿನವರು ಪರ್ಚೇಸಿನವರನ್ನು ದೂರದಲ್ಲಿ ಕಂಡರೆ ಬಾಗಿಲು ಮುಂದಕ್ಕೆ ಮಾಡುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅದೇ. ಯಾರಿಗೆ ಯಾರಿಂದ ಏನು ಬೇಕಾದರೂ ಅತ್ತಿಗೆಯೇ ಹೋಗಿ ಕೇಳಿ ಬರಬೇಕು. ವೆಲ್ಡಿಂಗಿನವರು ‘ನಾಳೆ ಆದರೂ ಆಗಬಹುದು’ ಅಂದದ್ದು ಮೂರು ಬಾಗಿಲು ದಾಟಿ ಸೇಲ್ಸಿಗೆ ಮುಟ್ಟುವಷ್ಟರಲ್ಲಿ ‘ನಾಳೆ ಲಾರಿ ಹೊರಡುತ್ತೆ’ ಆಗಿರುತ್ತಿತ್ತು. ಆಮೇಲೆ ಬೈಗುಳ ಯಾರಿಗೆ? ಅತ್ತಿಗೆಗೆ. ಅವಳನ್ನು ಇಡೀ ಕಾರ್ಖಾನೆ ಟಪಾಲಮ್ಮ ಎಂದು ಕರೆಯುತ್ತಿತ್ತು. ಅವಳೂ ಏನು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಒಂದು ಬೈದರೆ ಎರಡು ಕೊಟ್ಟು, ಮೂರನೆಯದನ್ನು ಉಚಿತವಾಗಿ ಸೇರಿಸಿ ಬರುತ್ತಿದ್ದಳು.

ಇನ್ನೊಂದು ರೋಗ ಇತ್ತು ನಮ್ಮಲ್ಲಿ. ಎಲ್ಲರೂ ಬಚ್ಚಿಡುತ್ತಿದ್ದೆವು. ಕಳ್ಳತನ ಅಲ್ಲ, ಒಂದು ಮೊಳೆಯನ್ನೂ ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಬೇಕಾದಾಗ ‘ಇಲ್ಲ’ ಅನ್ನಿಸಿಕೊಳ್ಳುವ ಭಯ ಅಷ್ಟೇ. ವೆಲ್ಡಿಂಗಿನವರು ಒಳ್ಳೆ ಪೈಪುಗಳನ್ನು ಕೆಟ್ಟುನಿಂತ ಬಾಯ್ಲರಿನ ಹಿಂದೆ ಒರಗಿಸಿಡುತ್ತಿದ್ದರು. ಬಣ್ಣದವರು ತುಂಬಿದ ಡಬ್ಬಗಳನ್ನು ಖಾಲಿ ಡಬ್ಬಗಳ ರಾಶಿಯೊಳಗೆ ಹುದುಗಿಸುತ್ತಿದ್ದರು. ಸ್ಟೋರಿನ ಯಜಮಾನನಂತೂ ತನ್ನ ಸ್ಟೋರಿನೊಳಗೇ ಒಂದು ಕಳ್ಳ ಸ್ಟೋರು ಇಟ್ಟುಕೊಂಡಿದ್ದ. ನಮ್ಮ ಶೆಡ್ಡಿನ ಹೆಂಗಸರ ಊಟದ ಡಬ್ಬಿಗಳಲ್ಲಿ ಅನ್ನ ಖಾಲಿಯಾದ ಮೇಲೆ ವಾಷರು ತುಂಬಿರುತ್ತಿದ್ದವು. ನನ್ನದರಲ್ಲೂ.

ಎಲ್ಲರಿಗಿಂತ ದೊಡ್ಡ ಬಚ್ಚಿಡುವವನು ನನ್ನ ಅಣ್ಣ. ಅವನು ಕೂಡಿಡುತ್ತಿದ್ದದ್ದು ಗಾಲಿ. ಅದಕ್ಕೊಂದು ಕಾರಣ ಇತ್ತು. ಒಮ್ಮೆ ಒಂದು ಆಸ್ಪತ್ರೆಯಿಂದ ನರ್ಸಮ್ಮ ಫೋನು ಮಾಡಿದ್ದರು. ಮಂಚದ ಗಾಲಿ ಮುರಿದಿದೆ, ರೋಗಿಯನ್ನು ಮಂಚ ಸಮೇತ ಎತ್ತಿಕೊಂಡು ಆಪರೇಷನ್ನಿಗೆ ಹೋಗುತ್ತಿದ್ದೇವೆ, ಒಂದು ಗಾಲಿ ಕಳಿಸಿ ಎಂದು. ಅಣ್ಣನ ಹತ್ತಿರ ಒಂದೂ ಇರಲಿಲ್ಲ. ಸ್ಟೋರಿನವರು ಹೊಸ ಮಂಚಕ್ಕೇ ಇಲ್ಲ ಅಂದರು. ಅವತ್ತು ಅವನು ಮನೆಗೆ ಬಂದು ಊಟ ಮಾಡಲಿಲ್ಲ. ಆಮೇಲಿಂದ ಗಾಲಿಯ ಲೋಡು ಬಂದಾಗಲೆಲ್ಲ ಅಣ್ಣನೇ ಪರೀಕ್ಷೆಗೆ ನಿಂತು, ‘ಇದು ಸೊಟ್ಟ, ಇದು ಬಿಗಿ’ ಎಂದು ಒಂದಿಷ್ಟನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಎಸೆದದ್ದು ಎಲ್ಲಿಗೆ ಹೋಗುತ್ತಿತ್ತು ಎಂದು ನನಗೂ ಅತ್ತಿಗೆಗೂ ಗೊತ್ತು. ಬಾಯಿ ಬಿಡುತ್ತಿರಲಿಲ್ಲ.

ಹೀಗಿರುವಾಗ ಯಜಮಾನಿ ಸಿಸ್ಟಂ ತಂದರು. ಯಜಮಾನಿ ಅಂದರೆ ಕಾರ್ಖಾನೆಯ ಒಡತಿ. ಅಪ್ಪನಿಂದ ಕಾರ್ಖಾನೆಯೂ ಬಂದಿತ್ತು, ಮೂಗಿನ ತುದಿಯ ಕೋಪವೂ ಬಂದಿತ್ತು. ಆ ಸಿಸ್ಟಮ್ಮಿಗೆ ಇಆರ್‌ಪಿ ಎಂದು ಹೆಸರಂತೆ. ಪ್ರತಿ ವಿಭಾಗಕ್ಕೂ ಒಂದೊಂದು ಕಂಪ್ಯೂಟರು ಬಂತು. ಕಲಿಸಲು ಬಂದ ಮೇಡಂ ತುಂಬು ಬಸುರಿ. ಪಾಪ, ವಿಭಾಗದಿಂದ ವಿಭಾಗಕ್ಕೆ ಆ ಮೆಟ್ಟಿಲುಗಳನ್ನು ಹತ್ತಿಳಿಯುವುದು ಹೇಗೆ? ಹೇಗೂ ಓಡಾಡುವವಳು ಇದ್ದಾಳಲ್ಲ ಎಂದು ಅತ್ತಿಗೆಯನ್ನು ಅವರ ಜೊತೆ ಹಾಕಿದರು. ಮೇಡಂ ಕುರ್ಚಿಯಲ್ಲಿ ಕುಳಿತು ಹೇಳುವುದು, ಅತ್ತಿಗೆ ಹೋಗಿ ಎಲ್ಲರಿಗೂ ತೋರಿಸುವುದು. ಹಾಗೆ ಕಲಿತಳು. ಕಲಿತಳು ಅಂದರೆ ಸುಮ್ಮನೆ ಕಲಿತಳೇ? ಆ ಹೆಂಗಸಿನ ಜೀವ ಹಿಂಡಿ ಹಿಪ್ಪೆ ಮಾಡಿದಳು.

“ಇಲ್ಲಿ ಸೇಲ್ಸಿನವರು ಆರ್ಡರ್ ಹಾಕಿದ್ರೆ, ಅದಕ್ಕೆ ಏನೇನು ಬೇಕು ಅಂತ ಅದೇ ಕ್ಷಣ ಸ್ಟೋರಿನವರಿಗೆ ಕಾಣುತ್ತೆ,” ಅಂದರು ಮೇಡಂ. “ಅವರ ಹತ್ರ ಇಲ್ಲದ್ದು ಪರ್ಚೇಸಿನವರ ಪರದೆ ಮೇಲೆ ಬರುತ್ತೆ. ಯಾವತ್ತು ಯಾರು ಏನು ಮಾಡ್ಬೇಕು ಅಂತ ಅದೇ ಲೆಕ್ಕ ಹಾಕುತ್ತೆ. ಲಾರಿ ಗೇಟು ದಾಟಿದ್ರೆ ಅಕೌಂಟ್ಸಿನಲ್ಲಿ ಬಿಲ್ಲು ತಾನಾಗೇ ಏಳುತ್ತೆ.”

“ಮಧ್ಯೆ ಯಾರೂ ಓಡೋ ಹಾಗಿಲ್ವಾ?”

“ಇಲ್ಲ.”

“ಅಯ್ಯೋ ನನ್ನ ತಾಯಿ! ಇದನ್ನ ನನ್ನ ಮಂಡಿಗೆ ಒಂದ್ಸಲ ಹೇಳಿ, ಕುಣಿದುಬಿಡ್ತದೆ.”

ಮಂಡಿ ಕುಣಿಯುವ ಮೊದಲು ಸಿಸ್ಟಮ್ಮೇ ನಮ್ಮನ್ನು ಕುಣಿಸಿತು. ಹೊಸದಾಗಿ ಕಟ್ಟುತ್ತಿದ್ದ ಒಂದು ದೊಡ್ಡ ಆಸ್ಪತ್ರೆಯ ಆರ್ಡರು ಬಂದಿತ್ತು. ಅದನ್ನೇ ಮೊದಲು ಅದರೊಳಗೆ ಹಾಕಿದರು. ಸೇಲ್ಸಿನವನು ಇರಲಿ ಎಂದು ಒಂದಿಷ್ಟು ಹೆಚ್ಚು ಬರೆದ. ನಮ್ಮ ಶೆಡ್ಡಿನಿಂದ ನಾವು ಇರಲಿ ಎಂದು ಇನ್ನಷ್ಟು ಕೇಳಿದೆವು. ಸ್ಟೋರಿನವನು ತನ್ನ ಕಳ್ಳ ಸ್ಟೋರನ್ನು ತೋರಿಸಲು ಮನಸ್ಸಾಗದೆ ಎಲ್ಲದಕ್ಕೂ ಸೊನ್ನೆ ಒತ್ತಿದ. ಪರ್ಚೇಸಿನವನು ಅದರ ಮೇಲೆ ತನ್ನದೂ ಒಂದಿಷ್ಟು ಸೇರಿಸಿದ. ಹಿಂದೆಯೂ ಹೀಗೇ ಮಾಡುತ್ತಿದ್ದೆವು, ಆದರೆ ಆಗ ಅತ್ತಿಗೆ ಅಲ್ಲಲ್ಲಿ ಜಗಳ ಮಾಡಿ ಅರ್ಧ ಸುಳ್ಳನ್ನು ದಾರಿಯಲ್ಲೇ ಉದುರಿಸುತ್ತಿದ್ದಳು. ಸಿಸ್ಟಂ ಜಗಳ ಮಾಡುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು. ಒಂದೇ ಪಾತ್ರೆಗೆ ಮನೆಮಂದಿಯೆಲ್ಲ ಒಬ್ಬೊಬ್ಬರೇ ಬಂದು ಉಪ್ಪು ಹಾಕಿಹೋದ ಹಾಗಾಯಿತು.

ಒಂದು ದಿನ ಬೆಳಿಗ್ಗೆ ಲಾರಿ ಬಂತು. ಪೈಪಿನ ತುದಿಗೆ ಹಾಕುವ ರಬ್ಬರ್ ಟೋಪಿ. ಇಳಿಸಿದರು, ಇಳಿಸಿದರು, ಇಳಿಸುತ್ತಲೇ ಇದ್ದರು. ಮೂಟೆಗಳು ಸ್ಟೋರಿನ ಬಾಗಿಲು ಮುಚ್ಚಿ, ಕಿಟಕಿ ಮುಚ್ಚಿ, ಒಳಗಿದ್ದ ಸ್ಟೋರಿನ ಯಜಮಾನ “ಯಾರಾದ್ರೂ ನನ್ನ ಹೊರಗೆ ಎಳೀರಪ್ಪೋ” ಎಂದು ಕೂಗಿಕೊಂಡ. ಇಡೀ ಭೂಮಿಯ ಮಂಚಗಳಿಗೆ ಟೋಪಿ ಹಾಕುವಷ್ಟಿತ್ತು. ಆದರೆ ಗಾಲಿ? ಗಾಲಿ ಒಂದೂ ಇಲ್ಲ. ಮಾರುವವನು ‘ಇಷ್ಟೊಂದು ಈಗ ಆಗಲ್ಲ, ಮುಂದಿನ ಸರದಿ’ ಎಂದು ಕೈಯೆತ್ತಿದ್ದ. ವೆಲ್ಡಾಗಿ ಬಣ್ಣ ಹಚ್ಚಿಸಿಕೊಂಡ ಮಂಚಗಳು ನಮ್ಮ ಶೆಡ್ಡಿನಲ್ಲಿ ಬರಿಗಾಲಲ್ಲಿ ನಿಂತವು.

ಯಜಮಾನಿ ಶೆಡ್ಡಿಗೇ ಬಂದರು. ನಮ್ಮೆಲ್ಲರ ಎದುರಿಗೆ ಅತ್ತಿಗೆಯನ್ನು ಕರೆಸಿದರು.

“ಈ ತಿಂಗಳು ಮುಗಿಯೋದ್ರೊಳಗೆ ನಿನ್ನ ಸಿಸ್ಟಂ ನಿಜ ಹೇಳ್ಬೇಕು, ಈ ಆರ್ಡರು ಗಡುವಿಗೆ ಹೋಗ್ಬೇಕು. ಇಲ್ಲಾಂದ್ರೆ ಜೋಡಣೆ ಕೆಲಸನ ಹೊರಗಿನವರಿಗೆ ಕೊಟ್ಬಿಡ್ತೀನಿ. ಈ ಶೆಡ್ಡಿಗೆ ಬೀಗ.”

ಅಷ್ಟು ಹೇಳಿ ಹೋದರು. ನಮ್ಮಲ್ಲಿ ಗಂಡ ತೀರಿಕೊಂಡವರಿದ್ದಾರೆ, ಗಂಡ ಇದ್ದೂ ಇಲ್ಲದವರಿದ್ದಾರೆ, ನನ್ನ ಹಾಗೆ ಮದುವೆ ಬೇಡ ಎಂದು ಈ ಕೆಲಸವನ್ನೇ ನೆಚ್ಚಿಕೊಂಡವರಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಅತ್ತಿಗೆಯ ಮೇಲೆ ತೀರಿಸಿದೆ. “ನೀನು ಟಪಾಲಮ್ಮ ಆಗಿದ್ದಾಗಲೇ ಚೆನ್ನಾಗಿತ್ತು,” ಅಂದೆ. ಅವಳು ತಿರುಗಿ ಬೈಯಲಿಲ್ಲ. ಅದು ನನಗೆ ಇನ್ನೂ ಭಯ ಹುಟ್ಟಿಸಿತು.

ಸಂಜೆ ಮನೆಯಲ್ಲಿ ಬೈದಳು. ನನ್ನನ್ನಲ್ಲ, ಅಣ್ಣನನ್ನು.

“ರೀ, ಆ ಗಾಲಿ ಹೊರಗೆ ತೆಗೀರಿ.”

“ಯಾವ ಗಾಲಿ?” ಅಂದ ಅಣ್ಣ, ತಟ್ಟೆಯಿಂದ ಮುಖ ಎತ್ತದೆ.

“ನಾಚಿಕೆ ಆಗಲ್ವಾ ನಿಮಗೆ? ನಿಮ್ಮ ತಂಗಿ ಕೆಲಸ ಹೋಗ್ತಿದೆ.”

“ತಂಗಿಯನ್ನ ನಾನು ಸಾಕ್ತೀನಿ. ಗಾಲಿ ಕೊಟ್ಟೆ ಅಂತಿಟ್ಕೋ, ಹೊಸ ಮಂಚಕ್ಕೆ ಎಲ್ಲಾ ನುಂಗಿಬಿಡ್ತಾರೆ. ನಾಳೆ ಆಸ್ಪತ್ರೆಯಿಂದ ಫೋನ್ ಬಂದ್ರೆ ಏನು ಕಳಿಸ್ಲಿ? ನಿನ್ನ ಸಿಸ್ಟಂ ಕಳಿಸ್ಲಾ?”

“ನನ್ನನ್ನ ಯಾರೂ ಸಾಕೋದು ಬೇಡ,” ಎಂದು ನಾನು ಎದ್ದೆ. ಅತ್ತಿಗೆ ‘ಹಾಗಾದ್ರೆ ಯಜಮಾನಿಗೆ ನಾನೇ ಹೇಳ್ತೀನಿ, ಯಾರು ಕದ್ದಿಟ್ಟಿದಾರೆ ಅಂತ’ ಎಂದು ಚೀರಿದಳು. ಮೂಲೆಯಲ್ಲಿ ಉಣ್ಣುತ್ತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಈಗ ನೀರಿನ ಲೋಟ ಕುಕ್ಕಿದಳು.

“ನೋಡಮ್ಮಾ, ನಿನಗೆ ಕಳ್ಳ ಬೇಕಾ, ಮಾಲು ಬೇಕಾ? ಮಾಲು ಬೇಕಾದ್ರೆ ಕಳ್ಳನ್ನ ಹುಡುಕಬೇಡ. ತಂದಿಡಿ, ಕೇಳಲ್ಲ ಅನ್ನು. ಇವರಿಬ್ಬರನ್ನೂ ನಾನು ಸಾಕಿದ್ದು ಹಾಗೇ.”

ಅತ್ತಿಗೆ ಬಾಯಲ್ಲಿದ್ದ ತುತ್ತು ಅಗಿಯುವುದನ್ನು ಮರೆತು ಅತ್ತೆಯ ಮುಖವನ್ನೇ ನೋಡಿದಳು.

ಮರುದಿನ ಅವಳು ಯಜಮಾನಿಯ ಕೋಣೆಗೆ ಹೋಗಿ ಏನು ಜಗಳ ಮಾಡಿದಳೋ, ಹೊರಗಿದ್ದವರಿಗೆ ಇಬ್ಬರ ದನಿಯೂ ಕೇಳಿತಂತೆ. ಮಧ್ಯಾಹ್ನದ ಹೊತ್ತಿಗೆ ಗೇಟಿನ ಹತ್ತಿರದ ಹಲಗೆಯ ಮೇಲೆ ಅವಳ ಕೈಬರಹದಲ್ಲಿ ಸೂಚನೆ ಬಿತ್ತು. ಬರುವ ಶನಿವಾರ ಯಂತ್ರಗಳೆಲ್ಲ ಬಂದ್. ಯಾರ ಹತ್ತಿರ ಏನಿದೆಯೋ ಅಂಗಳಕ್ಕೆ ತಂದಿಡಬೇಕು. ಎಲ್ಲಿತ್ತು, ಯಾಕಿತ್ತು, ಯಾರಿಟ್ಟರು ಎಂದು ಯಾರೂ ಯಾರನ್ನೂ ಕೇಳುವ ಹಾಗಿಲ್ಲ, ಯಜಮಾನಿಯೂ ಕೇಳುವ ಹಾಗಿಲ್ಲ. ಕೆಳಗೆ ಯಜಮಾನಿಯ ಸಹಿ. ಓದಿದವರೆಲ್ಲ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಅತ್ತಿತ್ತ ನೋಡಿ ಜಾರಿಕೊಂಡರು. ‘ನಮ್ಮ ಹತ್ರ ಏನಿದೆ ಮಣ್ಣು’ ಎಂದು ವೆಲ್ಡಿಂಗಿನ ಮೇಸ್ತ್ರಿ ಯಾರೂ ಕೇಳದಿದ್ದರೂ ಮೂರು ಸಲ ಹೇಳಿದ.

ಅತ್ತಿಗೆ ಇನ್ನೊಂದು ಕೆಲಸ ಮಾಡಿದಳು. ಮೇಡಂ ಜೊತೆ ಕುಳಿತು, ರಿಪೇರಿಗೆಂದು ಇಷ್ಟು ಗಾಲಿಯನ್ನು ತೆಗೆದಿರಿಸುವ ಹಾಗೆ ಸಿಸ್ಟಮ್ಮಿನೊಳಗೇ ವ್ಯವಸ್ಥೆ ಮಾಡಿಸಿದಳು. ಅಷ್ಟಕ್ಕಿಂತ ಕಡಿಮೆಯಾದರೆ ಪರ್ಚೇಸಿನ ಪರದೆ ತಾನಾಗಿಯೇ ಬೊಬ್ಬೆ ಹಾಕುತ್ತದೆ. ರಿಪೇರಿ ಮೇಸ್ತ್ರಿ ಒಪ್ಪಿಗೆ ಒತ್ತದೆ ಆ ಗಾಲಿಯನ್ನು ಹೊಸ ಮಂಚಕ್ಕೆ ಯಾರೂ ಕೊಡುವ ಹಾಗಿಲ್ಲ, ಯಜಮಾನಿ ಬಂದರೂ ಇಲ್ಲ. ಅದನ್ನು ಅಣ್ಣನಿಗೆ ತೋರಿಸಿದಳು. ಅಣ್ಣ ಕಣ್ಣು ಕಿರಿದು ಮಾಡಿ ನೋಡಿದ. “ಪರದೆ ಮೇಲೆ ಏನು ಬೇಕಾದ್ರೂ ಬರೀಬಹುದು,” ಎಂದು ಎದ್ದು ಹೋದ.

ಶನಿವಾರ ಬಂತು. ಯಂತ್ರಗಳ ಸದ್ದಿಲ್ಲದ ಕಾರ್ಖಾನೆ ಎಷ್ಟು ವಿಚಿತ್ರ ಗೊತ್ತೇ? ಚಪ್ಪಲಿ ಸದ್ದೂ ಕೇಳುತ್ತದೆ. ಅಂಗಳದ ನಡುವೆ ಟಾರ್ಪಾಲು ಹಾಸಿ, ಮೇಜಿನ ಮೇಲೆ ಕಂಪ್ಯೂಟರು ಇಟ್ಟು, ಅತ್ತಿಗೆ ಮತ್ತು ಮೇಡಂ ಕುಳಿತರು. ಯಜಮಾನಿ ನೆರಳಲ್ಲಿ ಕೈಕಟ್ಟಿ ನಿಂತರು. ಎಲ್ಲರೂ ಗೋಡೆಗೊರಗಿ ನಿಂತರು. ಒಬ್ಬನೂ ಹೆಜ್ಜೆ ಮುಂದಿಡಲಿಲ್ಲ.

ಅತ್ತಿಗೆಯೇ ಎದ್ದಳು. ಡಿಸ್ಪ್ಯಾಚಿನ ಕಟ್ಟೆಯ ಕೆಳಗೆ ಕೈ ಹಾಕಿ, ಕಟ್ಟುವ ಹಗ್ಗದ ಉಂಡೆಗಳನ್ನು ಒಂದರ ಹಿಂದೊಂದು ಎಳೆದು ತಂದು ಟಾರ್ಪಾಲಿನ ಮೇಲೆ ಎಸೆದಳು. ಇಷ್ಟು ದಿನ ಹಗ್ಗ ಇಲ್ಲ, ಹಗ್ಗ ಇಲ್ಲ ಎಂದು ಎಲ್ಲರ ತಲೆ ತಿನ್ನುತ್ತಿದ್ದವಳು! ಸ್ಟೋರಿನ ಯಜಮಾನ ‘ಎಲಾ ಇವಳಾ!’ ಅಂದ. ನಗು ಸಿಡಿಯಿತು. ನಾನು ಊಟದ ಡಬ್ಬಿ ತೆಗೆದುಕೊಂಡು ಹೋಗಿ ವಾಷರುಗಳನ್ನು ಸುರಿದೆ. ನನ್ನ ಹಿಂದೆ ಇಡೀ ಶೆಡ್ಡಿನ ಡಬ್ಬಿಗಳು.

ಆಮೇಲೆ ಹಿಡಿಯುವವರಿಲ್ಲ. ಬಾಯ್ಲರಿನ ಹಿಂದಿನಿಂದ ಪೈಪು ಬಂತು, ಬರುತ್ತಲೇ ಇತ್ತು. ‘ಏನಿದೆ ಮಣ್ಣು’ ಅಂದಿದ್ದ ಮೇಸ್ತ್ರಿಯೇ ಮುಂದೆ ನಿಂತು ‘ಹುಷಾರು, ಹುಷಾರು’ ಎಂದು ಹೊರಿಸುತ್ತಿದ್ದ. ಬಣ್ಣದವರು ಡಬ್ಬ ಉರುಳಿಸಿಕೊಂಡು ಬಂದರು. ಸ್ಟೋರಿನವನು ಕಳ್ಳ ಸ್ಟೋರಿನ ಬಾಗಿಲನ್ನೇ ಕಿತ್ತು, ಅದರ ಮೇಲೆ ಬೋಲ್ಟಿನ ಪೆಟ್ಟಿಗೆಗಳನ್ನು ಪೇರಿಸಿ ಹೊರಿಸಿಕೊಂಡು ಬಂದ. ಯಾರ ರಾಶಿ ದೊಡ್ಡದು ಎಂದು ಪಂದ್ಯವೇ ಆಗಿಹೋಯಿತು. ವರ್ಷಗಟ್ಟಲೆ ಮಾತಾಡದ ವೆಲ್ಡಿಂಗಿನವರೂ ಬಣ್ಣದವರೂ ಒಬ್ಬರ ರಾಶಿ ನೋಡಿ ಒಬ್ಬರು ‘ಅಬ್ಬಬ್ಬಾ, ನೀವು ನಮ್ಮಪ್ಪಂದಿರು’ ಎಂದು ಕೈಮುಗಿದರು. ಯಜಮಾನಿಯ ಮುಖ ಕೆಂಪೇರುತ್ತಿತ್ತು, ಬಾಯಿ ತೆರೆಯುತ್ತಿತ್ತು. ಸಹಿ ನೆನಪಾಗಿ ಮುಚ್ಚಿಕೊಳ್ಳುತ್ತಿತ್ತು.

ಎಲ್ಲ ಬಂತು, ಗಾಲಿ ಬರಲಿಲ್ಲ. ಅಣ್ಣ ರಿಪೇರಿ ವಿಭಾಗದ ಹೊಸ್ತಿಲ ಮೇಲೆ ನಿಂತೇ ಇದ್ದ. ಅತ್ತಿಗೆ ಅವನ ಕಡೆ ನೋಡಲಿಲ್ಲ. ನಾನು ನೋಡಿದೆ. ಅವನು ಒಳಗೆ ಹೋದ. ಮುಗಿಯಿತು ನಮ್ಮ ಕಥೆ ಅಂದುಕೊಂಡೆ.

ಆಗ ಒಳಗಿನಿಂದ ಗಡಗಡ ಸದ್ದು. ರಿಪೇರಿಯಾದ ಒಂದು ಮಂಚವನ್ನು ಅಣ್ಣ ತಳ್ಳಿಕೊಂಡು ಬರುತ್ತಿದ್ದ. ಅದರ ಮೇಲೆ ಗೋಣಿಚೀಲಗಳು. ಇನ್ನೊಂದು ಮಂಚ, ಅದರ ಮೇಲೂ ಚೀಲ. ಮತ್ತೊಂದು. ಅವನ ಹುಡುಗರೆಲ್ಲ ತಳ್ಳುತ್ತಿದ್ದರು. ಮೇಜಿನ ಮುಂದೆ ಬಂದು ನಿಂತು ಅಣ್ಣ ಹೆಂಡತಿಗೆ ಹೇಳಿದ್ದು ಇಷ್ಟೇ: “ನನ್ನ ಪಾಲು ಮೊದಲು ಬರ್ಕೋ. ಆಮೇಲೆ ಉಳಿದದ್ದು ಅವರಿಗೆ.”

“ಮೊದಲೇ ಬರ್ದಿದೀನಿ ಕಣ್ರೀ,” ಅಂದಳು ಅತ್ತಿಗೆ. ಕಣ್ಣಲ್ಲಿ ನೀರು ತುಂಬಿ ಪರದೆ ಕಾಣದೆ ಮೇಡಂ ಕಡೆ ಕೀಬೋರ್ಡು ಸರಿಸಿದಳು.

ಎಣಿಸಿ ಎಣಿಸಿ ಎಲ್ಲವನ್ನೂ ಒಳಗೆ ಹಾಕಿದರು. ರಿಪೇರಿಯ ಪಾಲು ತೆಗೆದಿಟ್ಟರೂ ಆರ್ಡರಿಗೆ ಬೇಕಾದಷ್ಟು ಗಾಲಿ ಇತ್ತು. ಎಲ್ಲಾ ಇತ್ತು. ಮೇಡಂ ಗುಂಡಿ ಒತ್ತಿದರು. ಯಾವ ವಿಭಾಗ ಯಾವತ್ತು ಏನು ಮಾಡಬೇಕು ಎಂದು ಸಿಸ್ಟಂ ಲೆಕ್ಕ ಹಾಕಿತು. ಕೊನೆಯ ಸಾಲು ಕೆಂಪಾಗಿ ಬಂತು. ಜೋಡಣೆ ಶೆಡ್ಡಿಗೆ ದಿನ ಸಾಲದು. ಎಷ್ಟು ಕೈ ಓಡಿಸಿದರೂ ಗಡುವಿಗೆ ಮುಗಿಯದು.

“ನೋಡಿದ್ಯಾ?” ಅಂದರು ಯಜಮಾನಿ. “ಹೊರಗೆ ಕೊಡದೆ ಬೇರೆ ದಾರಿಯಿಲ್ಲ.”

ನಮ್ಮ ಶೆಡ್ಡಿನವರ ನಗು ಅಲ್ಲಲ್ಲೇ ನಿಂತುಹೋಯಿತು. ಅತ್ತಿಗೆ ಮಾತ್ರ ಆ ಕೆಂಪು ಸಾಲನ್ನೇ ನೋಡುತ್ತ ಕುಳಿತಳು. ಆಮೇಲೆ ನಿಧಾನವಾಗಿ ತಲೆಯೆತ್ತಿ, ಯಜಮಾನಿಯ ಕಡೆ ತಿರುಗಿ, ಟಾರ್ಪಾಲಿನ ಕಡೆ ಕೈ ತೋರಿಸಿದಳು.

“ಅಮ್ಮಾವ್ರೇ, ಎಲ್ಲರೂ ತಂದಿಟ್ರು. ನಿಮ್ಮದೊಂದು ಬಾಕಿ ಇದೆ.”

“ನನ್ನದಾ? ನಾನೇನು ಬಚ್ಚಿಟ್ಟಿದೀನಿ?”

“ಗಡುವು,” ಅಂದಳು ಅತ್ತಿಗೆ. “ನಾನು ಇಷ್ಟು ವರ್ಷ ಲಾರಿ ಕಳಿಸಿದೀನಿ. ನಾವು ಊಟ ಬಿಟ್ಟು, ನಿದ್ದೆ ಬಿಟ್ಟು ಕಳಿಸಿದ ಮಂಚಗಳನ್ನ ಆಸ್ಪತ್ರೆಯವರು ‘ಇಷ್ಟು ಬೇಗ ಯಾಕಪ್ಪ ತಂದ್ರಿ, ಇಡೋಕೆ ಜಾಗ ಇಲ್ಲ’ ಅಂತ ಡ್ರೈವರ್ ಹತ್ರ ಬೈತಾರೆ. ಯಾವಾಗಲೂ ಬೈತಾರೆ. ನಿಜವಾದ ತಾರೀಕು ತಂದಿಡಿ. ಯಾಕೆ, ಎಲ್ಲಿತ್ತು ಅಂತ ನಾವೂ ಕೇಳಲ್ಲ.”

ಬೆಕ್ಕಿಗೆ ಗಂಟೆ ಕಟ್ಟಿಯೇಬಿಟ್ಟಳು ಮಹಾತಾಯಿ! ಅಣ್ಣ ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಯಜಮಾನಿ ಅತ್ತಿಗೆಯನ್ನು ನೋಡಿದರು, ನಮ್ಮೆಲ್ಲರನ್ನು ನೋಡಿದರು, ಅಂಗಳದ ತುಂಬ ಬಿದ್ದಿದ್ದ ಪೈಪು, ಡಬ್ಬ, ವಾಷರು, ಗಾಲಿಗಳನ್ನು ನೋಡಿದರು.

“ನಮ್ಮಪ್ಪ ಹೇಳಿಕೊಟ್ಟಿದ್ದು,” ಅಂದರು ಸಣ್ಣ ದನಿಯಲ್ಲಿ. “ಕೆಲಸದವರಿಗೆ ನಿಜವಾದ ಗಡುವು ಹೇಳಬೇಡ ಅಂತ.”

ನಡೆದು ಬಂದು, ಮೇಡಂ ಪಕ್ಕ ಬಗ್ಗಿ, ತಮ್ಮ ಬೆರಳಿನಿಂದಲೇ ತಾರೀಕು ಒತ್ತಿದರು. ಅದು ಮುಂದಿನ ತಿಂಗಳ ಕೊನೆ! ಮುಂದಿನ ತಿಂಗಳ ಕೊನೆಯಂತೆ! ನಮ್ಮ ಹೊಟ್ಟೆ ಉರಿದುಹೋಯಿತು, ಆದರೆ ಬೈಯಲು ಪುರುಸೊತ್ತೆಲ್ಲಿ? ಕೆಂಪು ಸಾಲು ಹಸಿರಾಯಿತು. ಅಂಗಳದ ಪರದೆಯಲ್ಲಷ್ಟೇ ಅಲ್ಲ. ಖಾಲಿ ವಿಭಾಗಗಳಿಗೆ ಓಡಿದವರು ಒಬ್ಬೊಬ್ಬರೇ ಕಿಟಕಿಯಿಂದ ತಲೆ ಹಾಕಿ ಕೂಗತೊಡಗಿದರು. “ಇಲ್ಲೂ ಹಸಿರು!” ಎಂದು ಸ್ಟೋರಿನಿಂದ. “ನಮ್ಮಲ್ಲೂ!” ಎಂದು ಪರ್ಚೇಸಿನಿಂದ. ಅಕೌಂಟ್ಸಿನ ಮುದುಕರು ಕೂಡ ಮಹಡಿಯ ಮೇಲಿಂದ ಕನ್ನಡಕ ಆಡಿಸಿ ಕೂಗಿದರು. ಇಡೀ ಕಾರ್ಖಾನೆಗೆ ಒಂದೇ ಸುದ್ದಿ, ಒಂದೇ ಗಳಿಗೆಯಲ್ಲಿ, ಒಂದಕ್ಷರ ಹೆಚ್ಚು ಕಡಿಮೆಯಿಲ್ಲದೆ.

“ಬೀಗದ ಮಾತು?” ಎಂದು ನಾನೇ ಕೇಳಿದೆ. ನಾನು ಯಾಕೆ ಬಿಡಲಿ?

“ಯಾವ ಬೀಗ?” ಅಂದರು ಯಜಮಾನಿ. ನಗು ತಡೆಯಲು ನೋಡಿದರು, ಆಗಲಿಲ್ಲ.

ಅಷ್ಟೇ ಸಾಕಾಯಿತು ನಮ್ಮ ಹೆಂಗಸರಿಗೆ. ಅತ್ತಿಗೆ ‘ಬಿಡ್ರೇ, ಬಿಡ್ರೇ’ ಎಂದು ಬಡಬಡಿಸುತ್ತಿದ್ದರೂ ಕೇಳದೆ ಅವಳನ್ನು ಅನಾಮತ್ತಾಗಿ ಎತ್ತಿ ಅಣ್ಣ ತಂದ ಮಂಚದ ಮೇಲೆ, ಗಾಲಿ ಚೀಲಗಳ ನಡುವೆ ಕೂರಿಸಿದೆವು. ನಾನು ತಲೆಯ ಕಡೆ ಎತ್ತರಿಸಿದೆ, ರಾಣಿಯ ಹಾಗೆ ಒರಗಿಕೊಳ್ಳಲಿ ಎಂದು. ಎಲ್ಲರೂ ಸೇರಿ ತಳ್ಳಿದೆವು. ಮಂಚ ಅಂಗಳದಲ್ಲಿ ಹಾರಿಕೊಂಡು ಹೋಯಿತು. ಅಣ್ಣ ಹಿಂದೆ ಓಡಿ ಬರುತ್ತಿದ್ದ, ನಗುತ್ತಿದ್ದನೋ ಬೈಯುತ್ತಿದ್ದನೋ ಕೇಳಲಿಲ್ಲ. ನನ್ನ ಜನ್ಮದಲ್ಲಿ ನಾನು ಅಷ್ಟು ಖುಷಿಪಟ್ಟದ್ದಿಲ್ಲ.

“ಅಯ್ಯಯ್ಯೋ, ಎಲ್ಲಿಗೆ ಕರ್ಕೊಂಡ್ ಹೋಗ್ತಿದೀರೇ ನನ್ನ?” ಎಂದು ಅತ್ತಿಗೆ ಸರಳು ಹಿಡಿದು ಕಿರುಚಿದಳು.

“ಇನ್ನೆಲ್ಲಿಗೆ? ನಮ್ಮ ಶೆಡ್ಡಿಗೆ!” ಅಂದೆ. “ಬಾಗಿಲು ತೆಗೆದೇ ಇದೆ.”